ಬರ್ಗಂಡಿಯ ದ್ರಾಕ್ಷಿಯ ಸೀಮೆಯಲ್ಲಿ

ಪ್ಯಾರಿಸ್ ನಗರದಲ್ಲಿ ಮೂರು ವಾರಗಳ ಕಾಲ ನಮಗೆ ಆಶ್ರಯವಿತ್ತ ವೃದ್ಧರೊಬ್ಬರು ಬರ್ಗಂಡಿ ಸೀಮೆಯಲ್ಲಿ ಹುಟ್ಟಿ ಬೆಳೆದವರು. ಊಟದ ಹೊತ್ತಿಗೆ ಒಂದು ಸಣ್ಣ ಬಟ್ಟಲು ಕೆಂಪು ದ್ರಾಕ್ಷಾರಸವನ್ನು, ಎಂದರೆ ವೈನನ್ನು, ಸೇವಿಸುವುದು ಅವರ ಮನೆತನದ ವಾಡಿಕೆ. ಆದರೆ ಅವರ ಮೇಜಿನ ಮೇಲಿದ್ದುದು ಬೇರೆ ಸೀಮೆಯ ಅಗ್ಗದ ರಸ. “ನಮ್ಮ ಊರಿನದು ಈಗ ನಮ್ಮಂಥವರ ಕೈಗೆ ಎಟುಕುವುದಿಲ್ಲ” ಎಂದು ಅವರು ಒಮ್ಮೆ ನಕ್ಕು ಹೇಳಿದರು. ಆ ನಗೆ ನಮ್ಮ ಮನಸ್ಸಿನಿಂದ ಹೋಗಲಿಲ್ಲ. ಬಾಡಿಗೆಯೆಂದು ಒಂದು ಕಾಸನ್ನೂ ಮುಟ್ಟದ ಆ ಹಿರಿಯರಿಗೆ ಅವರ ಊರಿನ ಒಂದು ಸೀಸೆಯನ್ನಾದರೂ ತಂದೊಪ್ಪಿಸಬೇಕೆಂದು ನಿಶ್ಚಯಿಸಿ, ಅದಕ್ಕಾಗಿ 100 ಯೂರೋಗಳನ್ನು ಬೇರೆಯಾಗಿ ಕಟ್ಟಿಟ್ಟುಕೊಂಡು, ಅಕ್ಟೋಬರ್ ತಿಂಗಳಿನ ಒಂದು ಬೆಳಗ್ಗೆ ಹೊರಟೆವು. ದ್ರಾಕ್ಷಾರಸದ ವಿಷಯದಲ್ಲಿ ನಮ್ಮ ಪಾಂಡಿತ್ಯವು ಸೊನ್ನೆ. ಮದ್ಯವನ್ನು ಹೊಗಳುವುದು ಈ ಲೇಖನದ ಉದ್ದೇಶವಲ್ಲವೆಂಬುದನ್ನೂ ವಾಚಕರಿಗೆ ಮೊದಲೇ ಅರಿಕೆ ಮಾಡಿಕೊಳ್ಳುತ್ತೇವೆ.

ಪ್ಯಾರಿಸಿನಿಂದ ದಿಜೋನ್ ನಗರಕ್ಕೆ ವೇಗದ ರೈಲಿನಲ್ಲಿ ಒಂದೂವರೆ ಗಂಟೆಗೆ ತುಸು ಮೀರಿದ ಪ್ರಯಾಣ. ಅಲ್ಲಿ ಇಳಿದು ಬೋನ್ ಪಟ್ಟಣದ ರೈಲನ್ನು ಹತ್ತಿದೆವು. ಬಲಗಡೆಯ ಕಿಟಕಿಯಿಂದ ನೋಡಿದರೆ, ದಿಜೋನಿನ ದಕ್ಷಿಣಕ್ಕೆ ಸುಮಾರು 50 ಕಿಲೋಮೀಟರುಗಳ ವರೆಗೆ ಹಬ್ಬಿದ ಒಂದು ನೀಳವಾದ ಗುಡ್ಡದ ಸಾಲು. ಅದರ ಮೂಡಣ ಇಳಿಜಾರಿನ ತುಂಬ ದ್ರಾಕ್ಷಿಯ ತೋಟಗಳು. ಎಲೆಗಳೆಲ್ಲ ಹೊಂಬಣ್ಣಕ್ಕೆ ತಿರುಗಿದ್ದವು. ‘ಕೋಟ್ ದೋರ್’ ಎಂಬುದು ಈ ಸೀಮೆಯ ಹೆಸರು. ಹೊನ್ನಿನ ಇಳಿಜಾರು ಎಂದು ಅದಕ್ಕೆ ಅರ್ಥ ಹೇಳುವರು. ಇಲ್ಲಿಯ ಕೆಂಪು ರಸವೆಲ್ಲ ಬಹುಮಟ್ಟಿಗೆ ಪಿನೋ ನ್ವಾರ್ ಎಂಬ ಒಂದೇ ಜಾತಿಯ ಹಣ್ಣಿನದು. ಹಣ್ಣು ಒಂದೇ ಆದರೂ ಮಣ್ಣು, ಓರೆ, ಬಿಸಿಲುಗಳ ಭೇದದಿಂದ ರುಚಿಯು ಹೊಲಹೊಲಕ್ಕೆ ಬೇರೆಯಾಗುವುದಂತೆ. ಹೀಗೆ ಬೇರೆ ಬೇರೆ ಹೆಸರು ಪಡೆದ ತುಂಡು ನೆಲಗಳು ಇಲ್ಲಿ 1247 ಇವೆ; 2015ರಲ್ಲಿ ಯುನೆಸ್ಕೋ ಸಂಸ್ಥೆಯು ಅವನ್ನು ವಿಶ್ವಪರಂಪರೆಯ ಪಟ್ಟಿಯಲ್ಲಿ ಸೇರಿಸಿತು. ರೊಮಾನೆ-ಕೋಂಟಿ ಎಂಬ ಜಗತ್ಪ್ರಸಿದ್ಧವಾದ ತೋಟದ ವಿಸ್ತಾರ ಎರಡು ಹೆಕ್ಟೇರನ್ನೂ ಮುಟ್ಟದು. ಅದರ ಒಂದು ಸೀಸೆಗೆ 10,000 ಯೂರೋಗಳಿಗೂ ಮೀರಿದ ಬೆಲೆ!

ಬೋನ್ ಪಟ್ಟಣದಲ್ಲಿ ನೋಡತಕ್ಕದ್ದು ‘ಓತೆಲ್ ದ್ಯೂ’ ಎಂಬ ಹಳೆಯ ಧರ್ಮಾಸ್ಪತ್ರೆ. ಬರ್ಗಂಡಿಯ ದೊರೆಯ ಮಂತ್ರಿಯಾಗಿದ್ದ ನಿಕೊಲಾ ರೊಲೇನ್ ಮತ್ತು ಆತನ ಪತ್ನಿ ಗೀಗೋನ್ ಬಡ ರೋಗಿಗಳಿಗಾಗಿ 1443ರಲ್ಲಿ ಅದನ್ನು ಸ್ಥಾಪಿಸಿದರು. ಬಣ್ಣಬಣ್ಣದ ಹೆಂಚುಗಳ ಅದರ ಮಾಡು ರತ್ನಗಂಬಳಿಯನ್ನು ಹಾಸಿದಂತೆ ತೋರುವುದು. ಭಕ್ತರು ಆಸ್ಪತ್ರೆಗೆ ದಾನವಿತ್ತ ತೋಟಗಳ ರಸವನ್ನು 1859ರಿಂದ ಹರಾಜು ಹಾಕುತ್ತ ಬಂದಿದ್ದಾರೆ. ಈಗ ಅದು ನವೆಂಬರಿನಲ್ಲಿ ನಡೆಯುವ ದೊಡ್ಡ ಉತ್ಸವ.

ಅಂದು ಸಂಜೆ ಒಂದು ಅಂಗಡಿಯನ್ನು ಹೊಕ್ಕೆವು. ಶಾಂಬೆರ್ತೇನ್ ಎಂಬುದು ಮಹಾರಸವೆಂದು ಎಲ್ಲಿಯೋ ಕೇಳಿದ್ದೆವು. ‘ಜೆವ್ರೆ-ಶಾಂಬೆರ್ತೇನ್’ ಎಂಬ ಚೀಟಿಯ ಸೀಸೆಯು 60 ಯೂರೋಗಳಿಗೆ ದೊರೆತಾಗ, ಪೆನ್ನಿಧಿಯೇ ಸಿಕ್ಕಿತೆಂದು ಹಿಗ್ಗಿ ಕೊಂಡೆವು. ನಾವು ಇಳಿದುಕೊಂಡಿದ್ದ ಮನೆಯ ಯಜಮಾನಿ ಅದನ್ನು ನೋಡಿ, “ಇದು ಶಾಂಬೆರ್ತೇನ್ ತೋಟದ್ದಲ್ಲ, ಅದರ ಊರಿನದು. ಜೆವ್ರೆ ಗ್ರಾಮದವರು ತೋಟದ ಕೀರ್ತಿಗಾಗಿ 1847ರಲ್ಲಿ ಅದರ ಹೆಸರನ್ನು ತಮ್ಮ ಊರಿಗೆ ಸೇರಿಸಿಕೊಂಡರು. ರುಚಿ ತಿಳಿಯದೆ ಉಡುಗೊರೆ ಕೊಡುವುದು ಹೇಗೆ?” ಎಂದು ಬಿರಡೆಯನ್ನು ತೆಗೆದೇಬಿಟ್ಟರು. ಇನ್ನೂ ಎಳೆಯದಾದ ಆ ರಸವು ಒಗರೊಗರಾಗಿತ್ತು. ರಸದಲ್ಲಿ ದೋಷವಿರಲಿಲ್ಲ, ಅದು ಹತ್ತು ವರ್ಷ ಕಾಯಬೇಕಾದ ಸೀಸೆ. ನಾವು ಹೆಸರನ್ನು ಕೊಂಡಿದ್ದೆವು. ಉಳಿದುದು 40 ಯೂರೋ ಮಾತ್ರ. ಆ ರಾತ್ರಿ ನಮಗೆ ನಿದ್ರೆ ಚೆನ್ನಾಗಿ ಬರಲಿಲ್ಲ.

ಮರುದಿನ ಆ ತಾಯಿಯು ಹೇಳಿದಂತೆ ಪೊಮ್ಮಾರ್, ವೊಲ್ನೆ ಎಂಬ ಹೆಸರುವಾಸಿಯಾದ ಗ್ರಾಮಗಳನ್ನು ದಾಟಿ, ತೋಟಗಳ ನಡುವಣ ದಾರಿಯಲ್ಲಿ ಎರಡು ಗಂಟೆ ನಡೆದು ಮೊಂತೆಲಿ ಎಂಬ ಸಣ್ಣ ಗ್ರಾಮವನ್ನು ಸೇರಿದೆವು. ಕಲ್ಲಿನ ಮನೆಗಳು, ಇಕ್ಕಟ್ಟಾದ ಬೀದಿಗಳು, ಎಲ್ಲೆಲ್ಲಿಯೂ ಹುದುಗುತ್ತಿದ್ದ ಹೊಸ ರಸದ ವಾಸನೆ. ಒಬ್ಬ ಬೆಳೆಗಾರರು ನಮ್ಮನ್ನು ತಮ್ಮ ನೆಲಮಾಳಿಗೆಗೆ ಕರೆದೊಯ್ದರು. ನಮ್ಮ ಅಜ್ಞಾನವನ್ನೂ ಉಳಿದ ಹಣವನ್ನೂ ಮುಚ್ಚಿಡದೆ ತಿಳಿಸಿದೆವು. ಅವರು ನಗಲಿಲ್ಲ, ಪೀಪಾಯಿಯೊಂದರ ಮೇಲೆ ಸೀಮೆಸುಣ್ಣದಿಂದ ಒಂದು ಗುಡ್ಡವನ್ನು ಬರೆದು ತೋರಿಸಿದರು.

ಗುಡ್ಡದ ನಡು ಇಳಿಜಾರಿನಲ್ಲಿ ನೀರು ನಿಲ್ಲದು, ಬಿಸಿಲು ಚೆನ್ನಾಗಿ ಬೀಳುವುದು. ‘ಗ್ರಾನ್ ಕ್ರೂ’ ಎಂಬ ಮೊದಲ ದರ್ಜೆಯ ತೋಟಗಳು ಅಲ್ಲಿರುವುವು. ಸೀಮೆಯ ಒಟ್ಟು ರಸದಲ್ಲಿ ಅವುಗಳ ಪಾಲು ನೂರಕ್ಕೆ ಎರಡನ್ನೂ ಮೀರದು. ಅದರ ಕೆಳಗೆ ‘ಪ್ರೆಮಿಯೆ ಕ್ರೂ’, ಬಳಿಕ ಗ್ರಾಮದ ಹೆಸರಿನ ರಸ, ಕೊನೆಯಲ್ಲಿ ಬರಿಯ ‘ಬೂರ್ಗೋಞ್’ ಎಂಬ ಹೆಸರಿನ ರಸ. “ಆದರೆ ನಾಲ್ಕನ್ನೂ ಮಾಡುವ ಕೈ ಒಂದೇ ಇರಬಹುದು. ಆದುದರಿಂದ ಮೊದಲು ಬೆಳೆಗಾರನ ಹೆಸರನ್ನು ಓದಿರಿ, ಆಮೇಲೆ ಊರಿನದನ್ನು” ಎಂದರು. ದೊಡ್ಡ ಹೆಸರಿನ ನೆರೆಯಲ್ಲಿರುವ ಮೊಂತೆಲಿ, ಒಸ್ಸೆ-ದ್ಯುರೆಸ್, ಸೇನ್-ರೊಮೇನ್, ದಕ್ಷಿಣದ ಮಾರಾಂಜ್, ಇನ್ನೂ ಆಚೆಯ ಜಿವ್ರಿ, ಮೆರ್ಕ್ಯುರೆ ಎಂಬ ಊರುಗಳನ್ನು ಹೊಸಬರು ಹುಡುಕಬೇಕೆಂದು ಅವರ ಉಪದೇಶ. 1930ರ ದಶಕದಲ್ಲಿ ಹೆಸರಿನ ಕಟ್ಟಳೆ ಬರುವ ಮುನ್ನ ಮೊಂತೆಲಿಯ ರಸವೇ ನೆರೆಯ ವೊಲ್ನೆಯ ಹೆಸರಿನಲ್ಲಿ ಮಾರಾಟವಾಗುತ್ತಿದ್ದುದೂ ಉಂಟು!

ಬಟ್ಟಲಿಗೆ ಎರಡು ಗುಟುಕಿನಷ್ಟು ರಸವನ್ನು ಸುರಿದು, ರುಚಿ ನೋಡಿ ಉಗುಳಲು ಪೀಕದಾನಿಯನ್ನು ಮುಂದಿಟ್ಟರು. ತಂಪಾದ ಆ ರಸವು ತೆಳುವಾದ ಮಾಣಿಕ್ಯದ ಬಣ್ಣದ್ದು. ಚೆರಿ ಹಣ್ಣಿನ ಕಂಪು, ಹಿಂದೆ ಮಳೆ ಬಿದ್ದ ಮಣ್ಣಿನ ನೆನಪು. ಹಿಂದಿನ ಸಂಜೆಯ ಒಗರು ಇಲ್ಲಿರಲಿಲ್ಲ.

ಈ ತಂಪು ಮೂಲೆಗಳಲ್ಲಿ ಹಿಂದೆ ಹಣ್ಣು ಸರಿಯಾಗಿ ಮಾಗುತ್ತಿರಲಿಲ್ಲವಂತೆ, ಈಗ ಮಾಗುವುದು. ಬೋನಿನಲ್ಲಿ 1354ರಿಂದ ದ್ರಾಕ್ಷಿಯ ಸುಗ್ಗಿಯ ದಿನಗಳ ಲೆಕ್ಕವಿದೆ. 1988ರಿಂದೀಚೆಗೆ ಸುಗ್ಗಿಯು ಹಿಂದಿಗಿಂತ ಸರಾಸರಿ 13 ದಿನ ಮುಂಚಿತವಾಗಿ ಬಂದಿದೆ. “ಇದು ನಮಗೆ ವರವೂ ಹೌದು, ಶಾಪವೂ ಹೌದು” ಎಂದರು ಬೆಳೆಗಾರರು. ಬೇಗ ಚಿಗುರಿದ ಬಳ್ಳಿಗಳು 2021ರ ಏಪ್ರಿಲ್ ತಿಂಗಳ ಹಿಮಕ್ಕೆ ಸಿಕ್ಕಿ ಸುಟ್ಟುಹೋದುವು; ಫಸಲು ಕುಗ್ಗಿತು, ಬೆಲೆ ಏರಿತು. ನೆಲದ ಬೆಲೆಯೂ ಏರಿರುವುದರಿಂದ, ತಂದೆಯ ತೋಟಕ್ಕೆ ತೆರಿಗೆ ಕಟ್ಟಿ ಉಳಿಸಿಕೊಳ್ಳುವುದೇ ಎಷ್ಟೋ ಮಕ್ಕಳಿಗೆ ಭಾರವಾಗಿದೆ. “ನನ್ನ ಮಗಳಿಗೆ ಇದು ಉಳಿದರೆ ಸಾಕು” ಎಂದಷ್ಟೇ ಹೇಳಿ ಅವರು ಮಾತು ನಿಲ್ಲಿಸಿದರು.

ಗ್ರಾಮದ ಹೆಸರಿನ ಒಂದು ಸೀಸೆಗೆ 22, ಬರಿಯ ಬೂರ್ಗೋಞ್ ಒಂದಕ್ಕೆ 16 ಯೂರೋ ತೆತ್ತು, ಉಳಿದ ಎರಡರಲ್ಲಿ ರೊಟ್ಟಿಯನ್ನು ಕೊಂಡು, ಬಂದ ದಾರಿಯಲ್ಲೇ ನಡೆದು ಹಿಂದಿರುಗಿದೆವು.

ಪ್ಯಾರಿಸಿನಲ್ಲಿ ಆ ಹಿರಿಯರು ಮೊದಲು ತೆರೆದುದು ಹದಿನಾರು ಯೂರೋಗಳ ಸೀಸೆಯನ್ನು. ಬಟ್ಟಲನ್ನು ಮೂಗಿನ ಬಳಿ ಹಿಡಿದು ಬಹಳ ಹೊತ್ತು ಸುಮ್ಮನಿದ್ದರು. “ನನ್ನ ತಂದೆಯ ಮೇಜಿನ ಮೇಲೆ ಇಂಥದೇ ಇರುತ್ತಿತ್ತು. ದೊಡ್ಡ ಹೆಸರಿನದು ನಮ್ಮ ಮನೆಗೆ ಎಂದೂ ಬಂದಿರಲಿಲ್ಲ” ಎಂದರು. ಮೊಂತೆಲಿಯ ಸೀಸೆಯನ್ನು ಮಾತ್ರ ತೆರೆಯಲಿಲ್ಲ; ಕ್ರಿಸ್ತಜಯಂತಿಗೆ ಮಗನು ಬರುವನೆಂದು ಎತ್ತಿಟ್ಟರು. ಬೆಳೆಗಾರರ ಹೆಸರನ್ನೂ ಊರಿನ ದಾರಿಯನ್ನೂ ನಮ್ಮಿಂದ ಕೇಳಿ ಒಂದು ಚೀಟಿಯಲ್ಲಿ ಬರೆದುಕೊಂಡರು.