ಕಡಲಾಚೆಯ ಆಟದ ಬಯಲು



ಶಾಲೆಯ ಆಟದ ಬಯಲನ್ನು ನೋಡುವಾಗಲೆಲ್ಲಾ 1993ನೆಯ ಇಸವಿಯ ಒಂದು ಸಾಯಂಕಾಲವು ನಮ್ಮ ನೆನಪಿಗೆ ಬರುತ್ತದೆ. ಆಗ ನಾವು ಇಲ್ಲಿಯೇ ಒಂಬತ್ತನೆಯ ತರಗತಿಯಲ್ಲಿ ಓದುತ್ತಿದ್ದೆವು. ಥ್ರೋಬಾಲ್ ತಂಡದ ನಾಯಕತ್ವವು ನಮಗೆ ಒಪ್ಪಿಸಲ್ಪಟ್ಟಿತ್ತು. ತೋಟದ ಕೂಲಿಗಾಗಿ ದೂರದಿಂದ ಬಂದ ಕುಟುಂಬವೊಂದರ ಹುಡುಗಿಯು ಆ ವರ್ಷ ಹೊಸದಾಗಿ ಸೇರಿದ್ದಳು. ಕನ್ನಡವನ್ನು ತಡವರಿಸಿ ಆಡುತ್ತಿದ್ದಳು. ಆಟದಲ್ಲಿ ಚುರುಕಾದವಳೇ ಆಗಿದ್ದರೂ, "ಇವಳು ನಮ್ಮವಳಲ್ಲ" ಎಂದು ಹೇಳಿ ನಾವು ಆಕೆಯನ್ನು ತಂಡಕ್ಕೆ ಸೇರಿಸಿಕೊಳ್ಳಲಿಲ್ಲ.

ಐರ್ಲೆಂಡ್ ದೇಶದಲ್ಲಿ ಹುಟ್ಟಿ, ನಮ್ಮ ಶಾಲೆಯಲ್ಲಿಯೇ ತಲೆ ನರೆತ ಸಿಸ್ಟರ್ ಒಬ್ಬರು ಈ ಮಾತನ್ನು ಕೇಳಿದರು. ಅವರು ಗದರಿಸಲಿಲ್ಲ. "ಕುಳಿತುಕೋ ಮಗಳೇ, ನಮ್ಮ ಊರಿನ ಆಟದ ಸಂಗತಿಯನ್ನು ಹೇಳುತ್ತೇನೆ" ಎಂದರು.

ಗೇಲಿಕ್ ಫುಟ್‌ಬಾಲ್ ಎಂಬುದು ಪಕ್ಷವೊಂದಕ್ಕೆ 15 ಮಂದಿಯಂತೆ ಆಡುವ ಆಟ. ಚೆಂಡನ್ನು ಕೈಯಲ್ಲಿ ಹಿಡಿಯಬಹುದು, ಕಾಲಿನಿಂದ ಒದೆಯಲೂಬಹುದು. 1884ರಲ್ಲಿ ಥರ್ಲ್ಸ್ ಎಂಬ ಊರಿನಲ್ಲಿ ಹುಟ್ಟಿದ ಗೇಲಿಕ್ ಅಥ್ಲೆಟಿಕ್ ಅಸೋಸಿಯೇಷನ್ ಎಂಬ ಸಂಘವು ಇದನ್ನು ನಡಿಸುತ್ತದೆ. ಆಡುವವರಿಗೆ ಸಂಬಳವಿಲ್ಲ, ತಮ್ಮ ಊರಿಗಾಗಿಯೂ ಕೌಂಟಿ ಎಂಬ ತಮ್ಮ ಜಿಲ್ಲೆಗಾಗಿಯೂ ಆಡುತ್ತಾರೆ. ಆಲೂಗಡ್ಡೆಯ ಬೆಳೆಗೆ ರೋಗ ತಗಲಿ 1845ರಿಂದ 1852ರ ವರೆಗೆ ಆ ದೇಶದಲ್ಲಿ ಘೋರ ಕ್ಷಾಮವುಂಟಾಯಿತು. ಸುಮಾರು ಹತ್ತು ಲಕ್ಷ ಜನರು ಸತ್ತರು. ಅಷ್ಟೇ ಜನರು ದೇಶ ಬಿಟ್ಟರು. ಆ ಮೇಲೆಯೂ ಹಡಗು ಹತ್ತುವವರ ಸಾಲು ನಿಲ್ಲಲಿಲ್ಲ. ಹೋದವರು ಹೋದಲ್ಲೆಲ್ಲಾ ಈ ಆಟವನ್ನು ಕೊಂಡೊಯ್ದರು.

ಕ್ಷಾಮದ ಅತಿಕಠಿಣ ವರ್ಷಕ್ಕೆ ನೂರು ತುಂಬಿದಾಗ, 1947ರ ಸೆಪ್ಟೆಂಬರ್ 14ರಂದು, ಅಖಿಲ ಐರ್ಲೆಂಡ್ ಅಂತಿಮ ಪಂದ್ಯವನ್ನು ನ್ಯೂಯಾರ್ಕಿನ ಪೋಲೋ ಗ್ರೌಂಡ್ಸ್ ಮೈದಾನದಲ್ಲಿ ಆಡಿದರು. ಕ್ಯಾವನ್ ಕೌಂಟಿಯು ಕೆರ್ರಿ ಕೌಂಟಿಯನ್ನು ಸೋಲಿಸಿತು. ಸಿಸ್ಟರ್ ಅವರು ಕ್ಯಾವನ್‌ನವರು. ಆಗ ಒಂಬತ್ತು ವರ್ಷದ ಬಾಲೆ. ರಾತ್ರಿಯಲ್ಲಿ ನೆರೆಯವರೆಲ್ಲಾ ಒಂದೇ ರೇಡಿಯೋವಿನ ಸುತ್ತ ಕೂಡಿದ್ದರಂತೆ. ಆಟವು ಮುಗಿಯುವ ಮೊದಲೇ ಪ್ರಸಾರದ ಹೊತ್ತು ತೀರುವ ಹಾಗಾಗಲು, ವಿವರಣೆಕಾರರಾದ ಮೀಹಾಲ್ ಓ ಹೆಹಿರ್ ಅವರು ಇನ್ನೈದು ನಿಮಿಷ ಕೊಡಬೇಕೆಂದು ರೇಡಿಯೋವಿನಲ್ಲಿಯೇ ಬೇಡಿಕೊಂಡರು. ಸಿಸ್ಟರ್ ಅವರ ತಾಯಿಗಾದರೋ ಲೆಕ್ಕದ ಮೇಲೆ ಲಕ್ಷ್ಯವಿರಲಿಲ್ಲ. ಕೂಗುವ ಜನರಲ್ಲಿ ತನ್ನ ತಮ್ಮನ ಧ್ವನಿ ಇದ್ದೀತೇ ಎಂದು ಕಿವಿಗೊಟ್ಟಿದ್ದರು.

ಆ ಸೋದರಮಾವನು ಬರಿಗೈಯಲ್ಲಿ ನ್ಯೂಯಾರ್ಕಿಗೆ ಹೋದವನು. ಮೊದಲನೆಯ ಭಾನುವಾರ ತನ್ನವರು ಆಡುವ ಬಯಲಿಗೆ ಹೋದನು. "ಯಾವ ಕೌಂಟಿಯವನು?" ಎಂದು ಕೇಳಿದರು, ಆಡಲು ಅಂಗಿಯನ್ನು ಕೊಟ್ಟರು. ಸಂಜೆಯೊಳಗೆ ಕೆಲಸವೂ ಕೋಣೆಯೂ ದೊರಕಿದವು.

ನಾವು ಮೊಂಡುತನದಿಂದ, "ಅವರು ತಮ್ಮವನನ್ನೇ ಸೇರಿಸಿಕೊಂಡರಲ್ಲವೇ, ಸಿಸ್ಟರ್?" ಎಂದೆವು.

"ಹೌದು ಮಗಳೇ. ಆದರೆ ನಾನು ಇಲ್ಲಿಗೆ ಬಂದಾಗ ಕ್ಯಾವನ್ ಎಲ್ಲಿದೆಯೆಂದು ಬಲ್ಲವರು ಒಬ್ಬರೂ ಇರಲಿಲ್ಲ. ನಿಮ್ಮ ಊರಿನವರು ಕೇಳದೆಯೇ ಬಾಗಿಲು ತೆರೆದರು" ಎಂದರು. ನಮಗೆ ಉತ್ತರ ತೋಚಲಿಲ್ಲ. ಮರುದಿನ ಆ ಹುಡುಗಿಯನ್ನು ಆಟಕ್ಕೆ ಕರೆದೆವು.

ಉಪಾಧ್ಯಾಯಿನಿಯಾದ ಮೇಲೆ ಇದೇ ಆಟದ ಇನ್ನೊಂದು ಸಂಗತಿಯನ್ನು ಓದಿದೆವು. ಸಾಕರ್, ಕ್ರಿಕೆಟ್, ಹಾಕಿ ಮುಂತಾದವು ಆಳುವವರ ಆಟಗಳೆಂದು ಎಣಿಸಿ, ತನ್ನ ಸದಸ್ಯರು ಅವುಗಳನ್ನು ಆಡಲೂ ನೋಡಲೂ ಕೂಡದೆಂದು ಸಂಘವು ನಿಷೇಧಿಸಿತ್ತು. ಐರಿಷ್ ಭಾಷೆಯ ಉದ್ಧಾರಕ್ಕಾಗಿ ದುಡಿದು, ದೇಶದ ಮೊದಲನೆಯ ಅಧ್ಯಕ್ಷರಾದ ಡಗ್ಲಸ್ ಹೈಡ್ ಅವರು 1938ರಲ್ಲಿ ಒಂದು ಸಾಕರ್ ಪಂದ್ಯವನ್ನು ನೋಡಿದರೆಂಬ ಕಾರಣಕ್ಕೆ ಅವರನ್ನು ಪೋಷಕಸ್ಥಾನದಿಂದ ತೆಗೆದುಹಾಕಿದರು. ಬೆಳೆಗೆಂದು ಕಟ್ಟಿದ ಬೇಲಿಯು ಬೆಳೆಸಿದವನನ್ನೇ ಹೊರಗಿಟ್ಟಿತು! ಆ ನಿಷೇಧವು 1971ರಲ್ಲಿ ಹೋಯಿತು. 1974ರಲ್ಲಿ ಅದೇ ಥರ್ಲ್ಸ್ ಊರಿನಲ್ಲಿ ಸ್ತ್ರೀಯರ ಗೇಲಿಕ್ ಫುಟ್‌ಬಾಲ್ ಸಂಘವೂ ಹುಟ್ಟಿತು. 2023ರಲ್ಲಿ ನ್ಯೂಯಾರ್ಕಿನ ತಂಡವು ಬ್ರಾಂಕ್ಸಿನ ಗೇಲಿಕ್ ಪಾರ್ಕಿನಲ್ಲಿ ಲೀಟ್ರಿಮ್ ಕೌಂಟಿಯನ್ನು ಸೋಲಿಸಿ, ಕೊನಾಕ್ಟ್ ಪ್ರಾಂತದ ಪಂದ್ಯಾವಳಿಯಲ್ಲಿ ತನ್ನ ಮೊದಲನೆಯ ಜಯವನ್ನು ಪಡೆಯಿತು. ಆ ತಂಡದಲ್ಲಿ ಅಮೇರಿಕದಲ್ಲಿಯೇ ಹುಟ್ಟಿ ಬೆಳೆದವರೂ ಇದ್ದರು.

ಸಿಸ್ಟರ್ ಅವರು ಸ್ವದೇಶಕ್ಕೆ ಮರಳಲಿಲ್ಲ. ನಮ್ಮ ಊರಿನ ಮಣ್ಣಿನಲ್ಲಿಯೇ ವಿಶ್ರಮಿಸಿದ್ದಾರೆ. ಆ ಹುಡುಗಿಯಾದರೋ ವರ್ಷ ತುಂಬುವುದರೊಳಗೆ ತಂದೆತಾಯಿಗಳೊಡನೆ ಬೇರೊಂದು ತೋಟಕ್ಕೆ ಹೊರಟುಹೋದಳು. ಆಟಕ್ಕೆ ಕರೆದೆವೇ ಹೊರತು ಆಡಿದ ಮಾತಿಗೆ ಕ್ಷಮೆ ಕೇಳಲಿಲ್ಲ. ನಿಮ್ಮಲ್ಲಿ ಅನೇಕರು ಈಗ ದೂರದ ಊರುಗಳಲ್ಲಿದ್ದೀರಿ. ಅಲ್ಲಿ ನಮ್ಮವರು ಕೂಡುವ ಕಡೆ ಹೊಸಬಳೊಬ್ಬಳು ಬಾಗಿಲಲ್ಲಿ ನಿಂತಿದ್ದರೆ ಮೊದಲು ಒಳಕ್ಕೆ ಕರೆಯಿರಿ, ಊರನ್ನು ಆಮೇಲೆ ಕೇಳಿರಿ. ಈ ಸಂಚಿಕೆಯು ಒಂದು ವೇಳೆ ಆಕೆಯ ಕೈಗೆ ಸಿಕ್ಕುವುದಾದರೆ, ನಾವು ತಡವಾಗಿ ಕೇಳುವ ಈ ಕ್ಷಮೆಯನ್ನು ಅವಳು ಸ್ವೀಕರಿಸಲಿ. ಈ ಶಾಲೆಯು ಅವಳದೂ ಹೌದು.