ಬೈಯಪ್ಪನಹಳ್ಳಿಯಲ್ಲಿ ಒಂದು ಇಂಚು

ಸ್ಪೀಡು ಐವತ್ತು ದಾಟಿದ ಕೂಡಲೇ ಜೀಪಿನ ಸೀಟಿನ ಕೆಳಗಿಂದ ಗುಂಯ್ ಅಂತ ಸದ್ದು ಶುರುವಾಗುತ್ತಿತ್ತು. ಅರವತ್ತಕ್ಕೆ ಹೋದರೆ ಗೇರ್ ಲಿವರ್ ನಡುಗೋದು, ಕನ್ನಡಿಯಲ್ಲಿ ಹಿಂದಿನ ಲಾರಿ ಎರಡೆರಡಾಗಿ ಕಾಣೋದು. ಹಾಸನದಿಂದ ಬೆಂಗಳೂರಿನವರೆಗೆ ನಲವತ್ತೈದರಲ್ಲೇ ಬಂದೆ. ಬಸ್ಸಿನವರೆಲ್ಲ ಹಾರ್ನ್ ಹೊಡೆದು ಮುಂದೆ ಹೋದರು.

ಅದು ಅಪ್ಪನ ಮಹೀಂದ್ರ ಎಂಎಂ 540. ಮೂಡಿಗೆರೆ ಹತ್ತಿರದ ನಮ್ಮ ಸಣ್ಣ ಕಾಫಿ ತೋಟಕ್ಕೆ ಅಂತ ಸೆಕೆಂಡ್ ಹ್ಯಾಂಡ್ ತಗೊಂಡಿದ್ದು. ಗೊಬ್ಬರ, ಕಾಫಿ ಮೂಟೆ, ಮಳೆಗಾಲದಲ್ಲಿ ಶಾಲೆಗೆ ಹೋಗೋ ನಾವು, ಎಲ್ಲವನ್ನೂ ಹೊತ್ತ ಗಾಡಿ. ಕಳೆದ ವರ್ಷ ಬೋನಸ್ ಬಂದಾಗ ನಾನು ಅದನ್ನು ಮೂರು ಇಂಚು ಎತ್ತಿಸಿದೆ. ಹೊಸ ಪಟ್ಟಾ ಸ್ಪ್ರಿಂಗು, ದೊಡ್ಡ ಟೈರು. ಫೋಟೋಗಳಿಗೆ ಸಿಕ್ಕಾಪಟ್ಟೆ ಲೈಕು ಬಂತು. ನಡುಕವೂ ಅವತ್ತಿನಿಂದಲೇ ಬಂತು.

ಆಫೀಸಿನ ಗೆಳೆಯನೊಬ್ಬ ಬೈಯಪ್ಪನಹಳ್ಳಿಯ ಒಂದು ಗ್ಯಾರೇಜಿನ ದಾರಿ ಹೇಳಿದ. ಆ ಕಡೆ ನನಗೆ ಹೊಸದೇನಲ್ಲ. 2023ರಲ್ಲಿ ವೈಟ್‌ಫೀಲ್ಡ್ ಆಫೀಸಿಗೆ ಹೋಗುವಾಗ ಪರ್ಪಲ್ ಲೈನಿನಲ್ಲಿ ಬೈಯಪ್ಪನಹಳ್ಳಿಗೆ ಬಂದು ಇಳಿಯಬೇಕಿತ್ತು. ಆ ಕಡೆ ಕೆ.ಆರ್. ಪುರದಿಂದ ವೈಟ್‌ಫೀಲ್ಡಿಗೆ ಮೆಟ್ರೋ ಮಾರ್ಚ್‌ನಲ್ಲೇ ಶುರುವಾಗಿತ್ತು. ನಡುವಿನ ಸುಮಾರು ಎರಡು ಕಿಲೋಮೀಟರ್ ಮಾತ್ರ ಇರಲಿಲ್ಲ. ಎರಡೂ ಕಡೆ ಒಳ್ಳೆ ರೈಲು, ನಡುವೆ ಬಸ್ಸಿನಲ್ಲಿ ನೇತಾಡೋ ನಾವು. ಅಕ್ಟೋಬರ್ 9ಕ್ಕೆ ಆ ತುಂಡು ಸೇರಿದ ಮೇಲೇ ಉಸಿರು ಬಂದಿದ್ದು.

ಈ ಸಲ ಅದೇ ಹಳೇ ಮದ್ರಾಸ್ ರಸ್ತೆಯಲ್ಲಿ ಜೀಪಿನಲ್ಲಿ ಬಂದೆ. ಟ್ರಾನ್ಸ್‌ಫಾರ್ಮರ್, ಮೋಟಾರು ತಯಾರಿಸುತ್ತಿದ್ದು 2002ರಲ್ಲಿ ಮುಚ್ಚಿಹೋದ ಎನ್‌ಜಿಇಎಫ್ ಕಾರ್ಖಾನೆಯ ಹೆಸರು ಇಲ್ಲಿ ಇನ್ನೂ ಎಲ್ಲರ ಬಾಯಲ್ಲೂ ಇದೆ. ತಲೆ ಮೇಲೆ ಮೆಟ್ರೋ. ಇನ್ನೊಂದು ಕಡೆ 2022ರಲ್ಲಿ ಶುರುವಾದ, ಏರ್‌ಪೋರ್ಟಿನ ಹಾಗೆ ಕಾಣುವ ಸರ್ ಎಂ. ವಿಶ್ವೇಶ್ವರಯ್ಯ ಟರ್ಮಿನಲ್. ಇವುಗಳ ನಡುವಿನ ಒಂದು ಗಲ್ಲಿಯಲ್ಲಿ ತಗಡಿನ ಶೀಟ್ ಹೊದಿಸಿದ ಆ ಗ್ಯಾರೇಜು.

ಭಾಯ್ ಜೀಪಿನ ಕೆಳಗೆ ಮಲಗಿ ಟಾರ್ಚ್ ಹಾಕಿದರು. "ಎತ್ತಿದ್ದು ಯಾರು ಸಾರ್?"

"ಬೇರೆ ಕಡೆ ಮಾಡಿಸಿದ್ದು ಭಾಯ್."

"ಚೆನ್ನಾಗೇ ಎತ್ತಿದಾರೆ. ಶಾಫ್ಟ್ ಕಡೆ ಮಾತ್ರ ಯಾರೂ ನೋಡಿಲ್ಲ."

ನನ್ನನ್ನೂ ಕೆಳಗೆ ಕರೆದು ತೋರಿಸಿದರು. ಗೇರ್‌ಬಾಕ್ಸಿನ ಹಿಂದೆ ಟ್ರಾನ್ಸ್‌ಫರ್ ಕೇಸ್ ಇರುತ್ತೆ. ಇಂಜಿನ್ನಿನ ಬಲವನ್ನು ಮುಂದಿನ, ಹಿಂದಿನ ಚಕ್ರಗಳಿಗೆ ಹಂಚೋದು ಅದೇ. ಅಲ್ಲಿಂದ ಹಿಂದಿನ ಆಕ್ಸಲ್‌ಗೆ ಒಂದು ಪ್ರೊಪೆಲ್ಲರ್ ಶಾಫ್ಟ್, ಅದರ ಎರಡು ತುದಿಗೂ ಒಂದೊಂದು ಕ್ರಾಸ್ ಜಾಯಿಂಟ್. ಗಾಡಿ ಎತ್ತಿದಾಗ ಟ್ರಾನ್ಸ್‌ಫರ್ ಕೇಸ್ ಮೇಲೆ ಹೋಯಿತು, ಆಕ್ಸಲ್ ಕೆಳಗೇ ಉಳಿಯಿತು. ಜೀಪಿನ ಶಾಫ್ಟ್ ಮೊದಲೇ ಗಿಡ್ಡ. ಹಾಗಾಗಿ ಅದರ ಇಳಿಜಾರು ಜಾಸ್ತಿ ಆಗಿತ್ತು. ಫೋನಿನ ಆ್ಯಪ್ ಇಟ್ಟು ಅಳೆದೆ: 15 ಡಿಗ್ರಿ.

ಇಂಜಿನಿಯರಿಂಗ್‌ನಲ್ಲಿ ಓದಿ ಮರೆತದ್ದು ಆಗ ನೆನಪಾಯಿತು. ಓರೆಯಾಗಿ ತಿರುಗುವ ಕ್ರಾಸ್ ಜಾಯಿಂಟ್ ಒಂದೇ ವೇಗದಲ್ಲಿ ತಿರುಗಿಸಲ್ಲ. ಪ್ರತಿ ಸುತ್ತಿಗೆ ಎರಡು ಸಲ ಶಾಫ್ಟನ್ನು ಎಳೆದು ಬಿಡುತ್ತೆ. ಎರಡು ತುದಿಯ ಕೋನವೂ ಸಮ ಇದ್ದರೆ ಒಂದರ ಏರುಪೇರನ್ನು ಇನ್ನೊಂದು ಸರಿಮಾಡುತ್ತೆ. ಕೋನ ಹೆಚ್ಚಾದಷ್ಟೂ, ಹೆಚ್ಚುಕಮ್ಮಿ ಆದಷ್ಟೂ ನಡುಕ. ನಡುಕ ಮುಂದುವರಿದರೆ ಜಾಯಿಂಟ್ ಸವೆದು ಒಂದು ದಿನ ಮುರಿಯುತ್ತೆ. "ಘಾಟಿಯಲ್ಲಿ ಮುರಿದ್ರೆ?" ಅಂದರು ಭಾಯ್. ಊರಿಂದಾಚೆ ಚಾರ್ಮಾಡಿ ಘಾಟಿ ಇದೆ. ನಾನು ಮಾತಾಡಲಿಲ್ಲ.

ಎರಡು ದಾರಿ ಇತ್ತು. ಒಂದು ತುದಿಯಲ್ಲಿ ಜೋಡಿ ಕ್ರಾಸ್ ಇರುವ ಹೊಸ ಶಾಫ್ಟ್ ಮಾಡಿಸೋದು, ಅದು ದುಬಾರಿ. ಇಲ್ಲವೇ ಟ್ರಾನ್ಸ್‌ಫರ್ ಕೇಸನ್ನು ಒಂದು ಇಂಚು ಕೆಳಗಿಳಿಸೋದು. ಎರಡನೆಯದಕ್ಕೆ ಹೂಂ ಅಂದೆ.

ಚಕ್ರಗಳಿಗೆ ಕಲ್ಲು ಕೊಟ್ಟರು. ಗೇರ್‌ಬಾಕ್ಸ್ ಕೆಳಗೆ ಮರದ ಹಲಗೆ ಇಟ್ಟು ಜಾಕ್ ಆನಿಸಿದರು. ಅದನ್ನು ಹೊತ್ತಿರುವ ಅಡ್ಡಪಟ್ಟಿಯ ಬೋಲ್ಟ್‌ಗಳನ್ನು ಒಂದೇ ಸಲ ಬಿಚ್ಚಲಿಲ್ಲ. ಎಲ್ಲವನ್ನೂ ಸಡಿಲಿಸಿ, ಜಾಕನ್ನು ಸ್ವಲ್ಪ ಸ್ವಲ್ಪವೇ ಇಳಿಸುತ್ತಾ, ಒಂದೊಂದಾಗಿ ತೆಗೆದು ಚಾಸಿಗೂ ಪಟ್ಟಿಗೂ ನಡುವೆ ಒಂದಿಂಚಿನ ಉಕ್ಕಿನ ಸ್ಪೇಸರ್ ಇಟ್ಟು ಉದ್ದನೆಯ ಹೈಟೆನ್ಸಿಲ್ ಬೋಲ್ಟ್ ಹಾಕಿದರು. ಹೀಗೆ ನಾಲ್ಕು.

ಕೆಲಸ ಮುಗೀತು ಅಂದುಕೊಂಡೆ. ಅಸಲಿ ಕೆಲಸ ಆಮೇಲೆ ಶುರುವಾಯಿತು. ಹಿಂದೆ ಇಳಿದರೆ ಇಂಜಿನ್ ಪೂರ್ತಿ ಸ್ವಲ್ಪ ವಾಲುತ್ತೆ. ರೇಡಿಯೇಟರ್ ಫ್ಯಾನು ತಾಗುತ್ತಾ? ಸೈಲೆನ್ಸರ್ ಪೈಪು ಎಳೆಯುತ್ತಾ? ಕ್ಲಚ್ಚಿನ ಲಿಂಕು, ಫೋರ್ ವೀಲ್ ಲಿವರ್ ಪೂರ್ತಿ ಬೀಳುತ್ತಾ? ಒಂದೊಂದನ್ನೇ ನೋಡಿದರು. ಟ್ರಾನ್ಸ್‌ಫರ್ ಕೇಸಿನ ಮೂತಿ ಈಗ ಕೆಳಗೆ ನೋಡುತ್ತಿದ್ದರಿಂದ, ಆಕ್ಸಲ್‌ನ ಮೂತಿಯನ್ನೂ ಅಷ್ಟೇ ಮೇಲಕ್ಕೆ ತಿರುಗಿಸಲು ಸ್ಪ್ರಿಂಗಿಗೂ ಆಕ್ಸಲ್‌ಗೂ ನಡುವೆ ಬೆಣೆ ಕೊಟ್ಟರು. ಫೋನಿನಲ್ಲಿ ಶಾಫ್ಟು ಈಗ 12 ಚಿಲ್ಲರೆ.

"ಮೂರು ಇಂಚಿಗೆ ದುಡ್ಡು ಕೊಟ್ಟಿದೀರಾ. ಹೊಟ್ಟೆ ಹತ್ರ ಈಗ ಎರಡೇ ಉಳಿದಿರೋದು," ಅಂತ ನಕ್ಕರು. ಹೌದು, ಕಲ್ಲಿಗೆ ಮೊದಲು ತಾಗುವ ಜಾಗವೇ ಒಂದಿಂಚು ಕೆಳಗೆ ಬಂದಿತ್ತು. ಬಿಲ್ ಬರೆಯುತ್ತಾ ಇನ್ನೊಂದು ಮಾತು ಹೇಳಿದರು. "ಎಫ್‌ಸಿ ಟೈಮಲ್ಲಿ ಕೇಳ್ತಾರೆ, ನೋಡ್ಕೊಳ್ಳಿ." ಮನೆಗೆ ಬಂದು ಓದಿದೆ. ಕಂಪನಿ ಕೊಟ್ಟ ಮೂಲ ವಿವರಕ್ಕೆ ಆರ್‌ಸಿ ಹೊಂದದ ಹಾಗೆ ಗಾಡಿ ಬದಲಾಯಿಸುವಂತಿಲ್ಲ ಅನ್ನುತ್ತೆ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನೇ ಎತ್ತಿಹಿಡಿದಿದೆ. ಎತ್ತಿಸುವ ಮುಂಚೆ ಓದಬೇಕಿತ್ತು.

ವಾಪಸ್ ಊರಿಗೆ ಅರವತ್ತರಲ್ಲಿ ಹೋದೆ. ನಡುಕ ಇಲ್ಲ, ಗೇರ್ ಲಿವರ್ ತಣ್ಣಗಿತ್ತು. ಅಪ್ಪನನ್ನು ಕರೆದೆ, "ಬನ್ನಿ ಅಪ್ಪ, ಈಗ ಓಡಿಸಿ ನೋಡಿ." ಅವರು ಹತ್ತಿರ ಬಂದು ಬಾನೆಟ್ ಸವರಿದರು. ಹತ್ತಲು ಕಾಲೆತ್ತಿದರು. ಮಂಡಿ ಆಪರೇಷನ್ ಆದ ಕಾಲು ಅಷ್ಟು ಎತ್ತರಕ್ಕೆ ಬರಲಿಲ್ಲ. "ಇರಲಿ ಬಿಡೋ, ನೀನೇ ಓಡಿಸು," ಅಂದರು. ಆಗ ಗೊತ್ತಾಯಿತು, ಒಂದು ವರ್ಷದಿಂದ ಅವರು ತೋಟಕ್ಕೆ ನಡೆದೇ ಹೋಗುತ್ತಿದ್ದರು. ಯಾಕೆ ಅಂತ ನಾನು ಕೇಳಿರಲೇ ಇಲ್ಲ.

ಮುಂದಿನ ತಿಂಗಳು ಮತ್ತೆ ಬೈಯಪ್ಪನಹಳ್ಳಿಗೆ ಹೋದೆ. ಭಾಯ್ ಏನೂ ಕೇಳದೆ ಹಳೇ ಸ್ಪ್ರಿಂಗು, ಹಳೇ ಅಳತೆಯ ಟೈರು ಹಾಕಿದರು, ಬೆಣೆ, ಸ್ಪೇಸರ್ ತೆಗೆದರು. ನೀವು ಗಾಡಿ ಎತ್ತಿಸುವುದಿದ್ದರೆ ಆರ್‌ಸಿ ನೋಡಿ, ಶಾಫ್ಟಿನ ಕೋನ ಕೇಳಿ. ಅದಕ್ಕೂ ಮುಂಚೆ, ಅದರಲ್ಲಿ ಯಾರು ಹತ್ತಬೇಕು ಅಂತ ಮನೆಯಲ್ಲಿ ಕೇಳಿ.

ನಾಲ್ಕು ಸ್ಪೇಸರ್ ಈಗ ನನ್ನ ಟೇಬಲ್ ಮೇಲಿವೆ. ಜೀಪು ಊರಲ್ಲಿದೆ, ಅಪ್ಪ ಓಡಿಸ್ತಿದಾರೆ.