ಮೊಮ್ಮಗಳು ಕೇಳಿದ ಪ್ರಶ್ನೆ

ಹೊಸ ಯಂತ್ರ ಬಂದರೆ ಹುಡುಗರು ಅದಕ್ಕೆ ಮರುಳಾಗುತ್ತಾರೆಂದು ನಾವು ಹಿರಿಯರು ಹೇಳುತ್ತಲೇ ಇರುತ್ತೇವೆ. ನನ್ನ ಅನುಭವ ಬೇರೆ.

ಅಕ್ಕಲಕೋಟೆಯಲ್ಲಿ ನಮ್ಮದು ಅರಿವೆ ಅಂಗಡಿ. ನಾನು ಮ್ಯಾಟ್ರಿಕ್ ಓದಿ ಗಾದಿಯ ಮೇಲೆ ಕುಳಿತವನು. ಹತ್ತನೆಯ ಇಯತ್ತೆಯ ಮೊಮ್ಮಗಳು 2022ರ ನವೆಂಬರಿನಲ್ಲಿ ಬಂದ ಚಾಟ್‌ಜಿಪಿಟಿಯನ್ನು ಅಭ್ಯಾಸಕ್ಕೆ ಬಳಸುತ್ತಾಳೆ. "ಇದಕ್ಕ ಎಲ್ಲಾ ಗೊತ್ತದ ಏನವ್ವಾ?" ಎಂದು ಕೇಳಿದೆ.

"ಇಲ್ಲ ಅಜ್ಜಾ. ಅದಕ್ಕ ರಾಶಿ ರಾಶಿ ಬರಹ ಓದಿಸಿರತಾರ. ಒಂದು ಶಬ್ದದ ಮುಂದ ಯಾವ ಶಬ್ದ ಬರಬಹುದು ಅಂತ ಅಂದಾಜು ಮಾಡ್ತದ. ಒಮ್ಮೊಮ್ಮೆ ಸುಳ್ಳನೂ ಖರೇ ಹಾಂಗ ಹೇಳ್ತದ. ಅದಕ್ಕ ಪುಸ್ತಕ ತಗದು ನೋಡತೀನಿ," ಎಂದಳು.

ಕಿರ್ದಿಯ ಶಿಲ್ಲಕು ಪೆಟ್ಟಿಗೆಯ ರೊಕ್ಕಕ್ಕೆ ತಾಳೆಯಾಗದೆ ಅಂಗಡಿ ಮುಚ್ಚಬಾರದೆಂದು ನಮ್ಮ ತಂದೆಯವರು ಕಲಿಸಿದ್ದೂ ಇದನ್ನೇ.

ಆಮೇಲೆ ಅವಳೇ ಕೇಳಿದಳು: "ಅಜ್ಜಾ, ಇದು ಲೆಕ್ಕಾನೂ ಬರಿಯಾಕ ಹತ್ತಿದರ ನಮ್ಮ ಗುಮಾಸ್ತ ಕಾಕಾ ಏನು ಮಾಡಬೇಕು?"

ಮೂವತ್ತು ವರ್ಷ ನಮ್ಮಲ್ಲಿ ದುಡಿದ ಮನುಷ್ಯ. ತಟ್ಟನೆ ಉತ್ತರ ತೋಚಲಿಲ್ಲ. "2017ರಲ್ಲಿ ಜಿ.ಎಸ್.ಟಿ. ಬಂದಾಗ ಅವರು ಕಂಪ್ಯೂಟರ್ ಕಲಿತರು. ಇದನ್ನ ನೀನೇ ಕಲಿಸವ್ವಾ. ಅವರ ಗಾದಿ ಅವರಿಗೇ ಇರತದ," ಎಂದೆ. ಈಗ ರವಿವಾರ ಇಬ್ಬರೂ ಕೂಡಿ ಕುಳಿತುಕೊಳ್ಳುತ್ತಾರೆ.

ಯಂತ್ರದ ಲಾಭ ನಾವು ಎಣಿಸುತ್ತೇವೆ. ಅದರಿಂದ ಯಾರ ಅನ್ನ ಹೋದೀತೆಂದು ಮಕ್ಕಳು ಯೋಚಿಸುತ್ತಾರೆ. ಅವರನ್ನು ಗದರಿಸುವ ಮೊದಲು ಹತ್ತಿರ ಕೂಡ್ರಿಸಿಕೊಂಡು ಕೇಳಬೇಕು.